ಬೆರಳು ಕಾಣುವ ಫಿಲ್ಮು

ನಾನು ನಿವೃತ್ತನಾದ ದಿನ ನಮ್ಮ ಸೆಂಟರಿನಲ್ಲಿ ತರಬೇತಿಗೆ ಬರುತ್ತಿದ್ದ ಹುಡುಗ ಹುಡುಗಿಯರು ಶಾಲು ಹೊದಿಸಿ, ಕೇಕು ತಿನ್ನಿಸಿ, "ಸರ್, ಇಷ್ಟು ವರ್ಷದ ಅನುಭವ ಒಂದಿಷ್ಟು ಬರೆದುಕೊಡಿ, ನಮಗೆ ಉಪಯೋಗಕ್ಕೆ ಬರುತ್ತದೆ" ಎಂದರು. ಅವರಲ್ಲಿ ಬಹಳಷ್ಟು ಮಂದಿ ತೆಲುಗಿನವರು. ಬೀದರ, ಯಾದಗಿರಿ ಕಡೆಯ ಇಬ್ಬರು ಮೂವರಿಗೆ ಮಾತ್ರ ಕನ್ನಡ ಓದಲು ಬರುತ್ತದೆ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅದಕ್ಕೊಂದು ಕಾರಣವಿದೆ, ಅದು ಕೊನೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ಓದುವ ತಾಳ್ಮೆ ಇಲ್ಲದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಸರವಿಲ್ಲ.

ನನ್ನ ಹೆಸರು ಚಂದ್ರಕಾಂತ, ಹುಮನಾಬಾದ ಕಡೆಯವನು. ಹೈದರಾಬಾದಿಗೆ ಬಂದು ಎಕ್ಸ್‌ರೇ ಕೆಲಸ ಕಲಿತು, ನಾರಾಯಣಗೂಡದ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಕೂದಲು ನರೆಯುವವರೆಗೂ ದುಡಿದೆ. ಬಡ್ತಿ, ಸನ್ಮಾನ ಇತ್ಯಾದಿ ಬರೆಯುವುದಿಲ್ಲ. ಅವು ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿವೆ, ಬೇಕಾದವರು ಹೋಗಿ ನೋಡಬಹುದು.

ಈಗಿನವರಿಗೆ ಡಾರ್ಕ್‌ರೂಮ್ ಎಂದರೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಕೆಲಸದ ಅರ್ಧ ನಡೆಯುತ್ತಿದ್ದುದೇ ಆ ಕತ್ತಲೆ ಕೋಣೆಯಲ್ಲಿ. ಎದೆಯ ಫೋಟೋ ತೆಗೆದ ಮೇಲೆ ಫಿಲ್ಮನ್ನು ಕೆಂಪು ದೀಪದ ಕೆಳಗೆ ಉಕ್ಕಿನ ಚೌಕಟ್ಟಿಗೆ ಸಿಕ್ಕಿಸಿ, ಡೆವಲಪರ್ ಎಂಬ ದ್ರಾವಣದ ತೊಟ್ಟಿಯಲ್ಲಿ ಇಳಿಬಿಡಬೇಕು. ಅಲ್ಲಿ ಚಿತ್ರ ಮೂಡುತ್ತದೆ. ಆಮೇಲೆ ತೊಳೆದು, ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ಫಿಕ್ಸರಿನಲ್ಲಿ ಅದ್ದಿ, ಮತ್ತೆ ತೊಳೆದು, ಒಣಗಿಸಬೇಕು.

ಮೂಳೆ ಬೆಳ್ಳಗೆ, ಗಾಳಿ ಕಪ್ಪಗೆ ಕಾಣುತ್ತದೆ ಎಂಬುದು ಎದುರಿನ ಸೋಡಾ ಅಂಗಡಿಯವನಿಗೂ ಗೊತ್ತು. ರೋಗ ಕೂತಿರುವುದು ಇವೆರಡರ ನಡುವಿನ ಬೂದು ಬಣ್ಣಗಳಲ್ಲಿ. ಪಕ್ಕಪಕ್ಕದ ಎರಡು ಬೂದುಗಳು ಬೇರೆ ಬೇರೆ ಎಂದು ಕಣ್ಣಿಗೆ ತಿಳಿಯಬೇಕು. ಅದಕ್ಕೇ ಕಾಂಟ್ರಾಸ್ಟ್ ಎನ್ನುತ್ತೇವೆ. ಅದು ಅತಿಯಾದರೆ ಎಲ್ಲವೂ ಬರೀ ಕರಿ ಬಿಳಿಯಾಗಿ ನಡುವಿನದು ನುಂಗಿಹೋಗುತ್ತದೆ. ಕಡಿಮೆಯಾದರೆ ಜೋಳದ ಹಿಟ್ಟಿನಲ್ಲಿ ಅಕ್ಕಿ ಹಿಟ್ಟು ಬೆರೆತ ಹಾಗೆ, ಇದೆ ಎಂದು ಗೊತ್ತಿದ್ದರೂ ಬೆರಳಿಟ್ಟು ತೋರಿಸಲಾಗುವುದಿಲ್ಲ. ಯಂತ್ರದ ವೋಲ್ಟೇಜ್ ಹೆಚ್ಚಿಸಿದರೆ ಕಾಂಟ್ರಾಸ್ಟ್ ಇಳಿಯುತ್ತದೆ. ಡೆವಲಪರ್ ನೀರಾದರೆ ಇಳಿಯುತ್ತದೆ, ಹಳತಾದರೆ ಇಳಿಯುತ್ತದೆ, ಬಿಸಿಯಾದರೆ ಫಿಲ್ಮಿಗೆ ಮಂಜು ಕವಿದು ಇಳಿಯುತ್ತದೆ. ಇಳಿಯುವುದಕ್ಕೆ ಹತ್ತು ದಾರಿ, ಸರಿಯಾಗಿ ನಿಲ್ಲುವುದಕ್ಕೆ ಒಂದೇ.

ನನಗೆ ಕೆಲಸ ಕಲಿಸಿದವರು ಖಾನ್ ಸಾಹೇಬರು ಎಂಬ ಹಿರಿಯ ಟೆಕ್ನಿಶಿಯನ್. ಹಳೇ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದರು. ಅವರ ಡಾರ್ಕ್‌ರೂಮಿನಲ್ಲಿ ಗಡಿಯಾರವೂ ಇರಲಿಲ್ಲ, ಥರ್ಮಾಮೀಟರೂ ಇರಲಿಲ್ಲ. ಫಿಲ್ಮನ್ನು ಆಗಾಗ ಮೇಲೆತ್ತಿ ಕೆಂಪು ದೀಪಕ್ಕೆ ಹಿಡಿದು ನೋಡುವರು, ಸಾಕೆನಿಸಿದಾಗ ತೆಗೆಯುವರು. "ಆಂಖ್ ಸೆ ಪಕಾವ್ ಮಿಯಾಂ, ಘಡಿ ಸೆ ನಕ್ಕೋ" ಎನ್ನುತ್ತಿದ್ದರು. ಕಣ್ಣಳತೆಯಲ್ಲಿ ಬೇಯಿಸು, ಗಡಿಯಾರದಲ್ಲಿ ಬೇಡ ಎಂದು. ಅವರ ಕಣ್ಣು ನಿಜಕ್ಕೂ ಕಣ್ಣು. ನಾನು ಕಲಿತದ್ದು ಆ ಕಣ್ಣನ್ನಲ್ಲ, ಅದರ ಠೀವಿಯನ್ನು.

ಅವರ ಬಳಿ ಸೇರಿದ ವಾರದಲ್ಲೇ ಹೊಸ ಫಿಲ್ಮಿನ ಡಬ್ಬಿ ಬಂದಿತ್ತು. ಜವಾಬ್ದಾರಿ ತೋರಿಸಬೇಕೆಂದು ಅದನ್ನು ಹಗಲು ಬೆಳಕಲ್ಲಿ ಬಿಚ್ಚಿ, ಎಷ್ಟಿವೆ ಎಂದು ಒಂದೊಂದಾಗಿ ಎಣಿಸಿದೆ. ಎಣಿಕೆ ಸರಿಯಿತ್ತು, ಬೆಳಕು ತಾಗಿ ಫಿಲ್ಮು ಒಂದೂ ಉಳಿದಿರಲಿಲ್ಲ. ಸಾಹೇಬರು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ತಪ್ಪನ್ನು ನಾನು ಮದುವೆ ಮುಂಜಿಗಳಲ್ಲಿ ಕಥೆಯಾಗಿ ಹೇಳಿ ಬೇಕಾದಷ್ಟು ನಗಿಸಿದ್ದೇನೆ. ಮನುಷ್ಯ ತನ್ನ ತಪ್ಪುಗಳಲ್ಲಿ ನಗು ಬರುವಂಥದ್ದನ್ನು ಮುಂದಕ್ಕೆ ಇಟ್ಟಿರುತ್ತಾನೆ.

ನಾರಾಯಣಗೂಡದ ಸೆಂಟರಿಗೆ ಸೇರಿದಾಗ ಅಲ್ಲಿ ಶಕುಂತಲಾ ಮೇಡಂ ಇದ್ದರು. ಧಾರವಾಡದವರು, ಫಿಲ್ಮು ನೋಡಿ ರಿಪೋರ್ಟು ಬರೆಯುವ ಡಾಕ್ಟರು, ನನ್ನ ಮೇಲಧಿಕಾರಿ. ನಾನು ಸೇರಿದ ಮೊದಲ ದಿನವೇ ನನ್ನ ಕಣ್ಣಳತೆ ಕಂಡು, "ಚಂದ್ರಕಾಂತ, ಇದೇನು ಪಲ್ಯಾ ಏನ್ರಿ, ಮುಚ್ಚಳಾ ತಗದು ತಗದು ನೋಡಲಿಕ್ಕೆ? ಐದು ಮಿನಿಟ ಅಂದ್ರ ಐದು ಮಿನಿಟ" ಎಂದು ಗೋಡೆಗೆ ಗಡಿಯಾರ ಹೊಡೆಸಿದರು. ಡಾರ್ಕ್‌ರೂಮಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಕೆಳಗೆ ಮಲಗಿ ಹೊರಟು, ನಡುವೆ ನೆಟ್ಟಗೆ ಏರಿ, ಮೇಲೆ ಹೋಗಿ ಮತ್ತೆ ಬಾಗುವ, ಎಷ್ಟು ಕಿರಣಕ್ಕೆ ಫಿಲ್ಮು ಎಷ್ಟು ಕಪ್ಪಾಗುತ್ತದೆ ಎಂದು ತೋರಿಸುವ ಗೆರೆ. "ಇದು ಫಿಲ್ಮಿನ ಜಾತಕ. ಕೆಳಗ ಪಾದ, ಮ್ಯಾಲೆ ಭುಜ. ಪಾದದಾಗ ಬಿದ್ರೂ ಎಲ್ಲಾ ಒಂದ ಥರಾ, ಭುಜದಾಗ ಬಿದ್ರೂ ಎಲ್ಲಾ ಒಂದ ಥರಾ. ಫರಕು ಕಾಣೂದು ನಡುವಿನ ಏರಿನಾಗ ಅಷ್ಟ. ನಮ್ಮ ಪೇಶಂಟು ಆ ಏರಿನ ಮ್ಯಾಲೆ ಇರಬೇಕು" ಎಂದರು. ಮೂರು ಸಲ ಬಾಗಿಲಿಗೆ ಬಣ್ಣ ಹೊಡೆದರೂ ಪ್ರತಿ ಸಲ ಅದನ್ನು ಹೊಸದಾಗಿ ಬರೆಯುತ್ತಿದ್ದರು.

ಅವರದೇ ಇನ್ನೊಂದು ಪರೀಕ್ಷೆ ಇತ್ತು. ಎದೆಯ ಫಿಲ್ಮಿನಲ್ಲಿ ಮೈಯ ಹೊರಗೆ, ಅಂಚಿನಲ್ಲಿ, ಕಿರಣ ನೇರವಾಗಿ ಬಿದ್ದ ಜಾಗ ಇರುತ್ತದಲ್ಲ, ಅಲ್ಲಿ ಫಿಲ್ಮು ಕಡುಕಪ್ಪಾಗಿರಬೇಕು. ದೀಪದ ಮುಂದೆ ಹಿಡಿದು ಆ ಕಪ್ಪಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣಬಾರದು. ಕಂಡರೆ ಡೆವಲಪರ್ ಸತ್ತಿದೆ ಎಂದು ತಿಳಿ, ಆ ಫಿಲ್ಮನ್ನು ನಂಬಬೇಡ. ದಿನದ ಮೊದಲ ಫಿಲ್ಮಿಗೆ ಮೇಡಂ ತಪ್ಪದೆ ಬೆರಳಿಡುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು. ನನ್ನ ಕಣ್ಣಿಗಿಂತ ಇವರ ಬೆರಳು ಹೆಚ್ಚೇ ಎಂದು.

ನಮ್ಮ ಕಡೆಯ ಹೆಣ್ಣುಮಕ್ಕಳು ಬಂದಾಗ ಮೇಡಂ ನನ್ನನ್ನು ಹೊರಗೆ ಕಳಿಸಿ ತಾವೇ ನಿಲ್ಲಿಸುತ್ತಿದ್ದರು. ಕೊರಳಿಂದ ತಾಳಿ ತೆಗೆಯಲು ಯಾರೂ ಒಪ್ಪರು. ಬೆನ್ನಿಗೆ ಸರಿಸಿದರೂ ಗುಂಡುಗಳು ಎದೆಯ ಫೋಟೋದಲ್ಲಿ ಬೆಳ್ಳಗೆ ಬೀಳುತ್ತವೆ. "ತಾಳಿ ಹಲ್ಲಾಗ ಹಿಡ್ಕೊ ತಾಯಿ, ಮಾತಾಡಬ್ಯಾಡ, ಉಸುರು ತುಂಬ್ಕೊ" ಎನ್ನುವರು. ಒಬ್ಬಾಕೆಗೆ ಅಷ್ಟು ಹೊತ್ತಿನಲ್ಲೇ ನಗು ಬಂದು, ನಾಲ್ಕು ಫಿಲ್ಮು ಹಾಳಾಗಿ, ಐದನೆಯದು ಸರಿ ಬಂತು. ಮೇಡಂ ಐದೂ ಸಲ ನಿಂತರು. ಒಂದು ಸಲಕ್ಕೂ "ಇರಲಿ ಬಿಡು, ಸಾಕು" ಎನ್ನಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಷ್ಟರಲ್ಲಿ ಊರಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ಗಚ್ಚಿಬೌಲಿಯ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳೊಳಗೆ ಕೂರಲು ಬಂದ ಮಕ್ಕಳಿಗೆ ಕೆಲಸಕ್ಕೆ ಸೇರುವ ಮುಂಚೆ ವೈದ್ಯಕೀಯ ತಪಾಸಣೆ ಆಗಬೇಕು, ಅದರಲ್ಲಿ ಎದೆಯ ಎಕ್ಸ್‌ರೇಯೂ ಒಂದು. ನಮ್ಮ ಮಾಲೀಕರು ಎರಡು ಕಂಪನಿಗಳ ಗುತ್ತಿಗೆ ಹಿಡಿದರು. ಬೆಳಗಾದರೆ ಕ್ಯಾಬುಗಳು ಸಾಲಾಗಿ ನಿಲ್ಲುತ್ತಿದ್ದವು. ಮಂದಿ ಕೂರುವ ಹಾಲಿಗೆ ಎ.ಸಿ. ಬಂತು, ಕಾಫಿ ಯಂತ್ರ ಬಂತು. ಡಾರ್ಕ್‌ರೂಮಿಗೆ ಮಾತ್ರ ಹಳೇ ಫ್ಯಾನೇ ಗತಿ. ಆ ಮಕ್ಕಳ ಎದೆಗಳಲ್ಲಿ ರೋಗವೇನೂ ಇರುತ್ತಿರಲಿಲ್ಲ. ಇಪ್ಪತ್ತೆರಡರ ವಯಸ್ಸಿನ ಎದೆ, ಹೊಸ ಪಾತ್ರೆಯ ಹಾಗೆ.

ಅದೇ ಕಟ್ಟಡಗಳಲ್ಲಿ ಕಲ್ಲು ಹಾಸುವವರು, ಪಾಲಿಶ್ ಹಿಡಿಯುವವರು ನಮ್ಮ ಕಡೆಯ ಮಂದಿ. ಅವರೂ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದರು, ಯಾವನೋ ಡಾಕ್ಟರ ಚೀಟಿ ಹಿಡಿದು. ಹಾಲಿನ ಎ.ಸಿ.ಯೊಳಗೆ ಕೂರಲು ಹೆದರಿ ಹೊರಗಿನ ಮೆಟ್ಟಿಲ ಮೇಲೆ ಕೂರುವರು.

ಒಂದು ವರ್ಷ ಮೇ ತಿಂಗಳಲ್ಲಿ ಮೇಡಂ ರಜೆ ಹಾಕಿ ಧಾರವಾಡಕ್ಕೆ ಹೋಗಿದ್ದರು. ಅವರ ಬದಲಿಗೆ ಸಂಜೆ ಹೊತ್ತು ಒಬ್ಬ ಯುವ ಡಾಕ್ಟರು ಬಂದು ಫಿಲ್ಮುಗಳನ್ನು ನೋಡಿ ಸಹಿ ಹಾಕಿ ಹೋಗುತ್ತಿದ್ದರು. ಬಿಸಿಲಿಗೆ ಡೆವಲಪರ್ ಕಾದು, ಕೈಯಿಟ್ಟರೆ ಬೆಚ್ಚಗೆ ತಾಗುತ್ತಿತ್ತು. ಅಂಥ ದಿನಗಳಿಗೆ ಮೇಡಂ ಮಾಡಿದ್ದ ನಿಯಮ ಹೀಗೆ: ಡೆವಲಪರ್ ತೊಟ್ಟಿಯ ಸುತ್ತ ಇರುವ ನೀರಿನ ತೊಟ್ಟಿಗೆ ಮಂಜುಗಡ್ಡೆ ಹಾಕಿ, ಒಳಗಿನದು ತಾನಾಗಿ ತಣ್ಣಗಾಗುವವರೆಗೆ ಕಾಯಬೇಕು. ಅದಕ್ಕೆ ಮುಕ್ಕಾಲು ಗಂಟೆ ಬೇಕು. ಅಂಥ ಒಂದು ದಿನ ಹಾಲಿನಲ್ಲಿ ಕಂಪನಿಯ ಹನ್ನೊಂದು ಮಕ್ಕಳು ಕೂತಿದ್ದರು. ಅವರ ಜತೆ ಬಂದಿದ್ದ ಹುಡುಗಿ ಪಟ್ಟಿ ಹಿಡಿದು ಐದು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುತ್ತಿದ್ದಳು.

ಸೋಡಾ ಅಂಗಡಿಯಿಂದ ಮಂಜುಗಡ್ಡೆ ತರಿಸಿದೆ. ಮರದ ಹೊಟ್ಟು ಅಂಟಿದ ಗಡ್ಡೆಗಳು. ಒಂದಿಷ್ಟು ತೊಳೆದು, ನೇರವಾಗಿ ಡೆವಲಪರಿನೊಳಗೇ ಹಾಕಿಬಿಟ್ಟೆ. ಹತ್ತು ನಿಮಿಷದಲ್ಲಿ ತಣ್ಣಗಾಯಿತು. ಕರಗಿದ ಗಡ್ಡೆ ಎಲ್ಲಿಗೆ ಹೋಗುತ್ತದೆ? ಡೆವಲಪರ್ ನೀರಾಯಿತು. ಮೊದಲ ಫಿಲ್ಮು ಪೇಲವವಾಗಿ ಬಂತು. ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಯಂತ್ರದ ವೋಲ್ಟೇಜ್ ಏರಿಸಿದೆ. ಫಿಲ್ಮು ಒಂದಿಷ್ಟು ಕಪ್ಪಾಯಿತು, ಆದರೆ ಇದ್ದ ಅಲ್ಪಸ್ವಲ್ಪ ಕಾಂಟ್ರಾಸ್ಟೂ ಹೋಯಿತು. ಗಾಯಕ್ಕೆ ಉಪ್ಪು ಸವರಿ ವಾಸಿಯಾಯಿತು ಎಂದುಕೊಂಡಂತೆ. ಹನ್ನೊಂದು ಎದೆಗಳೂ ಒಂದೇ ಬೂದು ಬಣ್ಣದಲ್ಲಿ ಒಣಗಿದವು.

ಹನ್ನೆರಡನೆಯವನು ಸಾಬಣ್ಣ.

ಸೇಡಂ ಕಡೆಯವನು, ಮೂವತ್ತರ ಆಸುಪಾಸು, ನೆಲಕ್ಕೆ ಕಲ್ಲು ಪಾಲಿಶ್ ಮಾಡುವ ಕೆಲಸ. ಮೆಟ್ಟಿಲ ಮೇಲೆ ಕೂತಿದ್ದವನನ್ನು ಹಿಂದಿಯಲ್ಲಿ ಕರೆದೆ. ನನ್ನ ಉಚ್ಚಾರ ಕೇಳಿ, "ಅಣ್ಣಾರ, ನೀವು ನಮ್ಮ ಕಡೀಯವ್ರೇನ್ರಿ?" ಎಂದ. ಹೌದೆಂದೆ. ಅವನ ಮುಖ ಅರಳಿತು. "ಹಂಗಾರ ಚಿಂತಿಲ್ಲ ಬಿಡ್ರಿ. ಹದಿನೈದು ದಿನ ಆತು ಕೆಮ್ಮು ನಿಂದರವಲ್ಲದು. ಸಂಜೀಕ ಮೈ ಬಿಸಿ ಆಕ್ಕೈತಿ. ದೂಳಿಗೆ ಅಂತ ಮೇಸ್ತ್ರಿ ಅಂತಾನ. ಡಾಕ್ಟರು ಫೋಟೋ ತಗಸು ಅಂದ್ರು." ಉಸಿರು ಹಿಡಿ ಎಂದಾಗ ಕಲ್ಲಿನಂತೆ ನಿಂತ. ಅಷ್ಟು ಚೆನ್ನಾಗಿ ಉಸಿರು ಹಿಡಿದವರನ್ನು ನಾನು ಆ ದಿನ ನೋಡಿರಲಿಲ್ಲ.

ಸಂಜೆ ಯುವ ಡಾಕ್ಟರು ಫಿಲ್ಮುಗಳನ್ನು ಒಂದರ ಮೇಲೊಂದು ದೀಪದ ಪೆಟ್ಟಿಗೆಗೆ ಏರಿಸುತ್ತ ಹೋದರು. ಸಾಬಣ್ಣನದು ಬಂದಾಗ ಕೈ ತಡೆದು, "ಕೆಮ್ಮು ಅಂತ ಬರೆದಿದೆ. ಇದು ಯಾಕಿಷ್ಟು ಮಸುಕು?" ಎಂದು ಕೇಳಿದರು.

ಆಗ ನಾನು ಹೇಳಿದೆ: "ಉಸಿರು ಹಿಡಿಯಲಿಲ್ಲ ಸಾರ್. ಲೇಬರ್ ಮಂದಿ, ಹೇಳಿದ್ದು ತಿಳಿಯುವುದಿಲ್ಲ."

ಈ ಮಾತನ್ನು ಇಲ್ಲಿ ಬರೆಯಲು ನನಗೆ ಎರಡು ವಾರ ಹಿಡಿಯಿತು. ಡಾಕ್ಟರು ತಲೆಯಾಡಿಸಿ, ಗಮನಾರ್ಹ ದೋಷವಿಲ್ಲ ಎಂದು ಬರೆದರು.

ಇಷ್ಟೇ ಆಗಿದ್ದರೆ ಆತುರದ ತಪ್ಪು ಎನ್ನಬಹುದಿತ್ತು. ಮುಂದಿನದಕ್ಕೆ ಆ ಹೆಸರು ಸಲ್ಲದು. ಕಂಪನಿಯವರು ರಿಪೋರ್ಟಿನ ಜತೆ ಫಿಲ್ಮನ್ನೂ ತರಿಸಿಕೊಂಡು ತಮ್ಮ ಡಾಕ್ಟರಿಗೆ ತೋರಿಸುವರು ಎಂಬುದು ಮಾಲೀಕರಿಗೆ ನೆನಪಾಯಿತು. ಬೂದು ಫಿಲ್ಮು ನೋಡಿ ಹೌಹಾರಿದರು. ಮರುದಿನ ಬೆಳಿಗ್ಗೆ ನಾನು ತೊಟ್ಟಿ ತೊಳೆದು ಹೊಸ ಡೆವಲಪರ್ ಕಲಸಿದೆ. ಮಾಲೀಕರು ಯಂತ್ರ ಕೈಕೊಟ್ಟಿತ್ತು ಎಂದು ಸುಳ್ಳು ಹೇಳಿ ಹನ್ನೊಂದು ಜನರನ್ನೂ ವಾಪಸು ಕರೆಸಿದರು. ಎಲ್ಲರಿಗೂ ಕಾಫಿ ಕೊಟ್ಟು, ಒಬ್ಬೊಬ್ಬರದೇ ಮತ್ತೆ ತೆಗೆದೆ. ಒಂದೊಂದು ಫಿಲ್ಮೂ ಕಣ್ಣಿಗೆ ಹಬ್ಬ.

ಅದೇ ಬೆಳಿಗ್ಗೆ ಸಾಬಣ್ಣ ರಿಪೋರ್ಟು ಒಯ್ಯಲು ಬಂದು ಮೆಟ್ಟಿಲ ಮೇಲೆ ಕೂತಿದ್ದ. ಹೊಸ ಡೆವಲಪರ್ ಇತ್ತು, ನಾನಿದ್ದೆ, ಅವನಿದ್ದ. ಎಲ್ಲಾ ಸೇರಿ ಹತ್ತು ನಿಮಿಷದ ಕೆಲಸ. ನಾನು ಅವನ ಬೂದು ಫಿಲ್ಮನ್ನು ಕವರಿಗೆ ಹಾಕಿ ಕೊಟ್ಟೆ.

"ಅಣ್ಣಾರ, ಎಲ್ಲಾ ಚಲೋ ಐತಿಲ್ರಿ?"

"ಚಲೋ ಐತಿ. ಏನಿಲ್ಲ, ದೂಳಿನ ಕೆಮ್ಮು. ಹೋಗು, ಕೆಲಸಕ್ಕ ತಡ ಆಕ್ಕೈತಿ."

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹಾಲಿನಲ್ಲಿ ಮಂದಿ ಕಾಯುತ್ತಿದ್ದರು, ಅವನ ಒಂದು ದಿನದ ಕೂಲಿ ತಪ್ಪುತ್ತಿತ್ತು, ಸಹಿಯಾದ ರಿಪೋರ್ಟನ್ನು ಹಿಂದಕ್ಕೆ ಕೇಳಿದರೆ ಹಿಂದಿನ ಸಂಜೆಯ ನನ್ನ ಸುಳ್ಳು ಹೊರಬೀಳುತ್ತಿತ್ತು. ಎಲ್ಲವೂ ನಿಜ. ಅದಕ್ಕಿಂತ ನಿಜವಾದದ್ದು ಒಂದಿದೆ. ಆ ಹನ್ನೊಂದು ಜನರ ಪರವಾಗಿ ಕೇಳುವವರಿದ್ದರು. ಇವನು ನನ್ನವನು, ನನ್ನನ್ನು ಕೇಳುವವನಲ್ಲ ಎಂದು ನನಗೆ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಸಾಬಣ್ಣ ಮತ್ತೆ ಬಂದ. ಈ ಸಲ ಹೆಂಡತಿ ನಾಗಮ್ಮ ಅವನ ರಟ್ಟೆ ಹಿಡಿದು ಕರೆತಂದಿದ್ದಳು. ಅವಳ ಸೆರಗು ಹಿಡಿದು ಆರು ವರ್ಷದ ಮಗಳು ಭಾಗ್ಯಶ್ರೀ. ಕೆಮ್ಮಿದರೆ ರಕ್ತ ಬರುತ್ತಿತ್ತು. ನನ್ನನ್ನು ಕಂಡು ಅಷ್ಟು ನಿತ್ರಾಣದಲ್ಲೂ ನಕ್ಕು ಹೆಂಡತಿಗೆ, "ಇವ್ರ ನೋಡ ನಾ ಹೇಳಿದ್ದ ಅಣ್ಣಾರು" ಎಂದ. ಹಳೇ ಫಿಲ್ಮನ್ನೂ ತಂದಿದ್ದ. ತಗಡಿನ ಶೆಡ್ಡಿನಲ್ಲಿ ಮಡಚಿಹೋಗಬಾರದೆಂದು ಎರಡು ಪ್ಲೈವುಡ್ ತುಂಡುಗಳ ನಡುವೆ ಇಟ್ಟು, ಸಿಮೆಂಟು ಚೀಲದಲ್ಲಿ ಸುತ್ತಿ, ಹಾಸಿಗೆಯ ಕೆಳಗೆ ಕಾಪಾಡಿಕೊಂಡಿದ್ದನಂತೆ. ದೊಡ್ಡ ಆಸ್ಪತ್ರೆಯವರೂ ಫಿಲ್ಮನ್ನು ಅಷ್ಟು ಜೋಪಾನ ಮಾಡಿದ್ದು ನಾನು ಕಂಡಿಲ್ಲ.

ಈ ಸಲ ಮೇಡಂ ಇದ್ದರು. ಹೊಸ ಫಿಲ್ಮಿನ ಪಕ್ಕದಲ್ಲಿ ಹಳೆಯದನ್ನು ಇಟ್ಟು ನೋಡುವುದು ಅವರ ಪದ್ಧತಿ. ಹೊಸದರಲ್ಲಿ ಬಲಗಡೆ, ಕೊರಳ ಎಲುಬಿನ ಕೆಳಗೆ ಟೊಳ್ಳು ಬಿದ್ದಿತ್ತು. ಕ್ಷಯ ಎಂದು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ. ಹಳೆಯದರಲ್ಲಿ ಏನೂ ಕಾಣಲಿಲ್ಲ. ಮೇಡಂ ಅದನ್ನೇ ನೋಡುತ್ತ ನಿಂತರು. ಆಮೇಲೆ ಕೆಳಗಿಳಿಸಿ, ಪ್ರಖರ ಬಲ್ಬಿನ ಮುಂದೆ ಹಿಡಿದು, ಮೆಲ್ಲಗೆ ಅಂಚಿನ ಕಪ್ಪಿನ ಹಿಂದೆ ಬೆರಳಿಟ್ಟರು.

ಬೆರಳು ಕಂಡಿತು. ಅದರಲ್ಲಿದ್ದ ಉಂಗುರವೂ ಕಂಡಿತು.

"ರಜಿಸ್ಟರ್ ತಗೊಂಡು ಬರ್ರಿ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾವ ತಿಂಗಳದು ಎಂದು ಅವರು ಹೇಳುವ ಮೊದಲೇ ನಾನು ಮೇ ತಿಂಗಳದ್ದನ್ನು ತಂದಿಟ್ಟೆ. ಮೇಡಂ ಆ ದಿನದ ಪುಟ ತೆಗೆದು, ಮರುದಿನದ ಪುಟ ತೆಗೆದು, ಬೆರಳಿಂದ ಹೆಸರುಗಳನ್ನು ಹಿಡಿಯುತ್ತ ಹೋದರು.

"ಹನ್ನೊಂದು ಮಂದಿದು ಮತ್ತ ತಗದೀರಿ. ಇವಂದು?"

ನಾನು ಹಳೇ ಫಿಲ್ಮನ್ನು ಕವರಿಗೆ ಹಾಕಲು ಕೈ ಚಾಚಿದೆ.

"ಫಿಲ್ಮು ಕಡಿಮಿ ಬಿತ್ತೇನು? ಇಲ್ಲ. ಇವ ಬರಲಿಲ್ಲೇನು? ರಿಪೋರ್ಟ್ ಒಯ್ದ ಅಂತ ಮರುದಿನದ ಪುಟದಾಗ ಇವನ ಹೆಬ್ಬಟ್ಟು ಅದ." ಹಳೇ ಫಿಲ್ಮನ್ನು ಮತ್ತೆ ದೀಪಕ್ಕೆ ಹಿಡಿದು, "ಈಗ ಎಲ್ಲಿ ನೋಡಬೇಕು ಅಂತ ಗೊತ್ತದ, ಅದಕ್ಕ ನನಗ ಹಳೇದ್ರಾಗೂ ಒಂದು ಛಾಯಾ ಕಾಣತದ. ಅವತ್ತ ಛಂದ ಫಿಲ್ಮು ಇದ್ದಿದ್ರ ಯಾರಿಗರೆ ಕಾಣತಿತ್ತು. ಆರು ತಿಂಗಳು, ಚಂದ್ರಕಾಂತ. ಶೆಡ್ಡಿನಾಗ ಕೂಸು ಅದ" ಎಂದರು.

ಕೂಸಿನ ಕೊರಳಲ್ಲಿ ಗಂಟಾಗಿರುವುದನ್ನು ಮೇಡಂ ಆಗಲೇ ನೋಡಿದ್ದರು. ಪರೀಕ್ಷೆ ಮಾಡಿಸಿದಾಗ ಅದೂ ಕ್ಷಯವೇ. ತಂದೆಯಿಂದ ಬಂದದ್ದು.

ನನ್ನನ್ನು ಕೆಲಸದಿಂದ ತೆಗೆಯುವರು ಎಂದುಕೊಂಡೆ. ಮೇಡಂ ಮಾಲೀಕರಿಗೆ ದೂರು ಕೊಡಲಿಲ್ಲ. ಒಂದೇ ಮಾತು ಹೇಳಿದರು: "ನಾ ಅವಗ ಹೇಳೂದಿಲ್ಲ. ನೀವು ಹೇಳ್ರಿ. ನಿಮ್ಮ ಬಾಯಿಲೇನ ಹೇಳ್ರಿ, ಅವನ ಮುಂದ ನಿಂತು."

ಹೇಳುತ್ತೇನೆ ಎಂದೆ. ಅಂದು ಅವನಿಗೆ ಏದುಸಿರು, ಇಂದು ಬೇಡ ಎನಿಸಿತು. ಮಾರನೆಯ ವಾರ ಅವರನ್ನು ಸರ್ಕಾರಿ ಕ್ಷಯ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿ, ಸಾಲಿನಲ್ಲಿ ನಿಂತು ಚೀಟಿ ಮಾಡಿಸಿದೆ. ದಾರಿಯಲ್ಲಿ ಹೇಳೋಣವೆಂದುಕೊಂಡೆ, ಬಸ್ಸು ತುಂಬಿತ್ತು. ತಿಂಗಳಿಗೊಮ್ಮೆ ಔಷಧಿಗೆ ಬಂದಾಗ ನಮ್ಮ ಸೆಂಟರಿಗೂ ಬಂದು ಹೋಗುವರು. ನಾಗಮ್ಮ "ನಿಮ್ಮಂಥಾವ್ರು ಇರೂದಕ್ಕ ಮಳಿ ಬೆಳಿ ಆಗಾಕತ್ತೈತ್ರಿ" ಎನ್ನುವಳು. ನಾನು ಎಷ್ಟು ಹೆಚ್ಚು ಓಡಾಡಿದೆನೋ ಅಷ್ಟು ಹೇಳುವುದು ಕಷ್ಟವಾಯಿತು. ಕೊನೆಕೊನೆಗೆ ಹೇಳಬಾರದೆಂದೇ ಓಡಾಡುತ್ತಿದ್ದೆ ಎಂದರೂ ತಪ್ಪಿಲ್ಲ.

ಅಪ್ಪನ ತಪಾಸಣೆ ಮುಗಿಯುವವರೆಗೆ ಭಾಗ್ಯಶ್ರೀ ಡಾರ್ಕ್‌ರೂಮಿನ ಬಾಗಿಲ ಬಳಿ ಕೂರುತ್ತಿದ್ದಳು. ಬೆಳಕು ತಾಗಿ ಪೂರ್ತಿ ಕಪ್ಪಾದ ಹಾಳು ಫಿಲ್ಮುಗಳು ನಮ್ಮಲ್ಲಿ ಬೇಕಾದಷ್ಟು. ಒಂದನ್ನು ಕೊಟ್ಟು, ಹೆಸರು ಬರೆಯುವ ಬಿಳಿ ಪೆನ್ಸಿಲಿನಿಂದ ಅ ಆ ಇ ಈ ಬರೆದು ತೋರಿಸಿದೆ. ಅದೇ ಅವಳ ಪಾಟಿಯಾಯಿತು. ಮುಂದಿನ ತಿಂಗಳು ಬಂದಾಗ ಕ ಖ ಗ ಘ ಬರೆಯುವಷ್ಟಾಗಿದ್ದಳು. ಕೊರಳ ಗಂಟು ಇಳಿದಂತೆ ಅಕ್ಷರ ಏರಿದವು. "ಊರಾಗ ಕನ್ನಡ ಸಾಲಿಗೆ ಹಾಕ್ತೀನ್ರಿ ಇಕೀನ" ಎಂದು ಸಾಬಣ್ಣ ಹೇಳುತ್ತಿದ್ದ.

ಔಷಧಿ ಮುಗಿಯಿತು. ಮಗಳು ಪೂರ್ತಿ ಗುಣವಾದಳು. ಸಾಬಣ್ಣ ಉಳಿದ, ಆದರೆ ಬಲಗಡೆಯ ಶ್ವಾಸಕೋಶದ ಮೇಲ್ಭಾಗ ಸುಕ್ಕುಗಟ್ಟಿ ಹೋಯಿತು. ನಾಲ್ಕು ಮೆಟ್ಟಿಲು ಹತ್ತಿದರೆ ನಿಲ್ಲಬೇಕು. ಪಾಲಿಶ್ ಯಂತ್ರ ಹಿಡಿಯುವ ಪ್ರಶ್ನೆಯೇ ಇಲ್ಲ. ಊರಿಗೆ ಹೊರಟು, ಹೇಳಿ ಹೋಗಲು ಬಂದ. ಒಂದು ಗಂಟು ತೊಗರಿ ಬೇಳೆ ತಂದಿದ್ದ. "ಮನೀದ್ರಿ, ಊರಿಂದ ತರಿಸೀನಿ. ನೀವು ಅದೀರಂತ ನಾ ಉಳದೀನಿ" ಎಂದ.

ಕೋಣೆಯಲ್ಲಿ ನಾವಿಬ್ಬರೇ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬರಲು ಸಾಧ್ಯವಿರಲಿಲ್ಲ. "ಸಾಬಣ್ಣ" ಎಂದೆ. ಅಷ್ಟರಲ್ಲಿ ಅವನು ತನ್ನ ಫೈಲು ಮುಂದಿಟ್ಟು ಕೇಳಿದ: "ಅಣ್ಣಾರ, ಈ ರೋಗದ ಫೋಟೋ ಎಲ್ಲಾ ನೀವ ಇಟ್ಕೋರಿ. ನನಗ ಆ ಮೊದಲಿಂದು ಒಂದ ಕೊಡ್ರಿ. ನನ್ನ ಎದಿ ಚಲೋ ಇದ್ದಾಗಿಂದು. ದೊಡ್ಡಾಕ್ಯಾದ ಮ್ಯಾಲ ಮಗಳಿಗೆ ತೋರಸ್ತೀನಿ, ನಿಮ್ಮಪ್ಪನ ಎದಿ ಹಿಂಗಿತ್ತು ನೋಡು ಅಂತ."

ನಾನು ಹೊಸ ಕವರು ತೆಗೆದು, ಆ ಬೂದು ಫಿಲ್ಮನ್ನು ಅದರೊಳಗೆ ಹಾಕಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟೆ. ಅವನು ಹಣೆಗೆ ಒತ್ತಿಕೊಂಡು ತೆಗೆದುಕೊಂಡ. ಗೇಟು ದಾಟುವವರೆಗೆ ನೋಡುತ್ತ ನಿಂತೆ. ನನ್ನ ತಪ್ಪಿಗೆ ಇದ್ದ ಒಂದೇ ಸಾಕ್ಷಿ ಅದು. ಅದು ಊರು ಬಿಟ್ಟು ಹೋಗುತ್ತಿದೆ ಎಂದು ನನಗೆ ಸಮಾಧಾನವಾಯಿತು. ಮಂಜುಗಡ್ಡೆ ಹಾಕಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಇರುವ ನಾಚಿಕೆ ಒಂದು ತೂಕವಾದರೆ, ಆ ಸಮಾಧಾನದ್ದೇ ಒಂದು ತೂಕ. ಬೇಳೆಯನ್ನು ಮನೆಗೆ ಒಯ್ದೆ. ಹೆಂಡತಿ ಸಾರು ಮಾಡಿದಳು, ಉಂಡೆ.

ಮರುದಿನ ಮೇಡಂ ಕೇಳಿದರು, "ಹೇಳಿದ್ರೇನು?"

"ಹೇಳಿದೆ ಮೇಡಂ."

"ಏನಂದ?"

"ಇರಲಿ ಬಿಡ್ರಿ ಅಣ್ಣಾರ ಅಂದ."

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿ ಕೊಟ್ಟರು. ಅಷ್ಟು ವರ್ಷದಲ್ಲಿ ಅದೇ ಮೊದಲು. ಅಂದಿನಿಂದ ತರಬೇತಿಗೆ ಬರುವವರನ್ನೆಲ್ಲ ನನ್ನ ಕೈಗೆ ಒಪ್ಪಿಸಿದರು. "ಚಂದ್ರಕಾಂತನ ಹಂತ್ಯಾಕ ಕಲೀರಿ. ತಪ್ಪು ಒಪ್ಕೊಳ್ಳೂ ಮನಷ್ಯಾ" ಎನ್ನುತ್ತಿದ್ದರು. ಆ ಚಹಾದ ಋಣವನ್ನು ತೀರಿಸುವ ಮೊದಲೇ ಅವರು ತೀರಿಕೊಂಡರು.

ಆಮೇಲೆ ತೊಟ್ಟಿಗಳು ಹೋಗಿ ಫಿಲ್ಮನ್ನು ತಾನೇ ತೊಳೆಯುವ ಯಂತ್ರ ಬಂತು, ಅದೂ ಹೋಗಿ ಕಂಪ್ಯೂಟರ್ ಬಂತು. ಡಾರ್ಕ್‌ರೂಮು ಈಗ ಸಾಮಾನಿನ ಕೋಣೆ, ಬಾಗಿಲ ಹಿಂದೆ ಮೇಡಂ ಬರೆದ ಗೆರೆ ಅರ್ಧ ಅಳಿಸಿ ಉಳಿದಿದೆ. ನೀವು ಚಿತ್ರ ಮಸುಕಾದರೆ ಮೌಸ್ ಎಂಬ ಇಲಿಯನ್ನು ಎಳೆದು ಕಾಂಟ್ರಾಸ್ಟ್ ಏರಿಸುತ್ತೀರಿ, ಇಳಿಸುತ್ತೀರಿ. ಒಳ್ಳೆಯದು. ಆದರೆ "ಉಸಿರು ಹಿಡಿಯಲಿಲ್ಲ ಸಾರ್" ಎನ್ನುವ ಮಾತು ನಿಮ್ಮ ಯಂತ್ರದಲ್ಲೂ ನಡೆಯುತ್ತದೆ. ನಾನು ನಿಮಗೆ ಕಲಿಸಿದ್ದರಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ: ಹನ್ನೊಂದು ಜನರದ್ದು ಮತ್ತೆ ತೆಗೆದರೆ ಹನ್ನೆರಡನೆಯವನನ್ನೂ ಕರೆಯಿರಿ.

ಇನ್ನು ಕನ್ನಡದಲ್ಲೇ ಯಾಕೆ ಬರೆದೆ ಎಂಬುದು. ಕಳೆದ ವರ್ಷ ಸೇಡಮ್ಮಿಗೆ ಹೋಗಿ ವಿಚಾರಿಸಿದೆ. ಸಾಬಣ್ಣ ಎಂಬ ಹೆಸರಿನವರು ಊರಿಗೆ ಹತ್ತು ಮಂದಿ. ಅಷ್ಟು ತಿಂಗಳು ಜತೆಗೆ ಓಡಾಡಿದರೂ ನಾನು ಅವನ ಹಳ್ಳಿಯ ಹೆಸರನ್ನು ಎಂದೂ ಕೇಳಿರಲಿಲ್ಲ. ಸಿಗಲಿಲ್ಲ, ವಾಪಸು ಬಂದೆ.

ಭಾಗ್ಯಶ್ರೀ, ನಿನಗೆ ಈಗ ಮೂವತ್ತು ದಾಟಿರಬೇಕು. ಇದು ಹೇಗೋ ನಿನ್ನ ಕೈಗೆ ಬಿದ್ದರೆ ಎಂಬ ಆಸೆಯಿಂದ ನಿನಗೆ ಓದಲು ಬರುವ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೋ ಗೋಡೆಯ ಮೇಲೋ ನಿಮ್ಮಪ್ಪ ಇಟ್ಟ ಒಂದು ಎಕ್ಸ್‌ರೇ ಇರುತ್ತದೆ. ಎದೆ ಚೆನ್ನಾಗಿದ್ದಾಗಿನದು ಎಂದು ಅವನು ಹೇಳಿರುತ್ತಾನೆ. ಅದನ್ನು ಕಿಟಕಿಗೆ ಹಿಡಿದು ಅಂಚಿನ ಕಪ್ಪಿನ ಹಿಂದೆ ಬೆರಳಿಟ್ಟು ನೋಡು, ತಾಯಿ. ಬೆರಳು ಕಾಣುತ್ತದೆ. ಅವನಿಗೆ ಆಗಲೇ ರೋಗವಿತ್ತು. ಕಾಣದ ಹಾಗೆ ಮಾಡಿದವನು ನಾನು.